ಜರ್ಮನಿಯಲ್ಲಿ ಉನ್ನತ ವ್ಯಾಸಂಗ: ವಿಶ್ವವಿದ್ಯಾಲಯದ ಆಯ್ಕೆ ಮತ್ತು ಅರ್ಜಿಯ ಸಿದ್ಧತೆ

ಪದವಿಯ ಕೊನೆಯ ವರ್ಷದಲ್ಲಿ ಓದುವ ಮಕ್ಕಳಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಇತ್ತೀಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿ ಬರುತ್ತಿದೆ: "ಜರ್ಮನಿಯಲ್ಲಿ ಫೀಸು ಇಲ್ಲವಂತೆ, ಕಳುಹಿಸಿದರೆ ಹೇಗೆ?" ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಮದುವೆ ಮನೆಯ ಊಟದ ಮೇಜಿನಲ್ಲಿ ಹೆತ್ತವರು ಈ ಪ್ರಶ್ನೆಯನ್ನು ನಮ್ಮಲ್ಲೂ ಕೇಳಿದ್ದಾರೆ. ಎರಡು ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಆದುದರಿಂದ ತಿಳಿದಿರಬೇಕಾದ ವಿಷಯಗಳನ್ನು ಒಂದೆಡೆ ಸೇರಿಸಿ ಇಲ್ಲಿ ಕೊಡುತ್ತಿದ್ದೇವೆ.

ಜರ್ಮನಿ ಕರಾವಳಿಗೆ ಹೊಸದೇನೂ ಅಲ್ಲ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಂದಿನಿಂದ ಜರ್ಮನ್ ವಿದ್ವಾಂಸರು ಇಲ್ಲಿ ದುಡಿದರು. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಂದು ಅಲ್ಲಿಂದ ಇಲ್ಲಿಗೆ ಬಂದರು, ಇಂದು ನಮ್ಮ ಮಕ್ಕಳು ಇಲ್ಲಿಂದ ಅಲ್ಲಿಗೆ ಹೊರಟಿದ್ದಾರೆ. ಹೋಗುವುದು ತಪ್ಪಲ್ಲ. ತಿಳಿಯದೆ ಹೋಗುವುದು ಮಾತ್ರ ದುಬಾರಿಯಾಗುತ್ತದೆ.

ನಮ್ಮ ಪರಿಚಯದ ಒಂದು ಕುಟುಂಬದ ವಿಷಯ ಹೇಳುತ್ತೇವೆ. ಮಗನಿಗೆ ಇಂಜಿನಿಯರಿಂಗ್‌ನಲ್ಲಿ ಒಳ್ಳೆಯ ಅಂಕಗಳಿದ್ದವು. ಏಜೆಂಟರೊಬ್ಬರು ಒಂದೇ ವಾರದಲ್ಲಿ ಪ್ರವೇಶ ಪತ್ರ ತರಿಸಿಕೊಟ್ಟರು. ಅದು ಖಾಸಗಿ ಸಂಸ್ಥೆಯೆಂದೂ ವರ್ಷಕ್ಕೆ ಸಾವಿರಾರು ಯುರೋ ಫೀಸು ಇದೆಯೆಂದೂ ಮನೆಯವರಿಗೆ ಸರಿಯಾಗಿ ಗೊತ್ತಾಗುವಷ್ಟರಲ್ಲಿ ಜಾಗದ ದಾಖಲೆ ಪತ್ರಗಳು ಬ್ಯಾಂಕಿಗೆ ಹೋಗಿ ಆಗಿತ್ತು. ಅದೇ ಅಂಕಗಳಿಗೆ ಫೀಸಿಲ್ಲದ ಸರಕಾರಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದಿತ್ತು. ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹುಡುಗ ಓದು ಮುಗಿಸಿದ್ದಾನೆ. ತಂದೆ ಇನ್ನೂ ಕಂತು ಕಟ್ಟುತ್ತಿದ್ದಾರೆ. ಇಂತಹ ಪರಿಸ್ಥಿತಿ ಇನ್ನೊಂದು ಮನೆಗೆ ಬರಬಾರದು ಎಂಬುದೇ ಈ ಲೇಖನದ ಉದ್ದೇಶ.

ಮೊದಲು ನಿಮ್ಮ ಅರ್ಹತೆ ನೋಡಿಕೊಳ್ಳಿ

ಪಿಯುಸಿ ಮುಗಿಸಿದ ಕೂಡಲೇ ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಪದವಿಗೆ ನೇರವಾಗಿ ಸೇರಲು ಸಾಮಾನ್ಯವಾಗಿ ಆಗುವುದಿಲ್ಲ. ಇದಕ್ಕೆ ಮೂರು ದಾರಿಗಳಿವೆ. ಒಂದು, ನಮ್ಮಲ್ಲೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಪದವಿಯ ಒಂದು ವರ್ಷವನ್ನು ಯಶಸ್ವಿಯಾಗಿ ಮುಗಿಸಿ ಅದೇ ವಿಷಯಕ್ಕೆ ಅರ್ಜಿ ಹಾಕುವುದು. ಎರಡು, ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಾಂತ್ರಿಕ ಅಥವಾ ವಿಜ್ಞಾನ ವಿಷಯಗಳಿಗೆ ಅರ್ಜಿ ಹಾಕುವುದು. ಮೂರು, ಜರ್ಮನಿಯಲ್ಲಿ ಸ್ಟೂಡಿಯನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಶಿಕ್ಷಣ ಪಡೆದು ಅದರ ಪರೀಕ್ಷೆ ಬರೆಯುವುದು. ಪದವಿ ತರಗತಿಗಳು ಬಹುತೇಕ ಜರ್ಮನ್ ಭಾಷೆಯಲ್ಲಿ ನಡೆಯುವುದರಿಂದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಲ್ಲೇ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಹೋಗುತ್ತಾರೆ. ಮುಂದಿನ ವಿವರಗಳು ಮುಖ್ಯವಾಗಿ ಅವರಿಗಾಗಿ.

ಬಿ.ಇ., ಬಿ.ಟೆಕ್. ನಾಲ್ಕು ವರ್ಷದ ಪದವಿಗಳಾದುದರಿಂದ ಅವಧಿಯ ತೊಂದರೆ ಇಲ್ಲ. ಆದರೆ ಬಿ.ಎಸ್ಸಿ., ಬಿ.ಕಾಂ., ಬಿ.ಎ. ಓದುವವರು ಇಲ್ಲಿ ಗಮನವಿಡಬೇಕು. ಕರ್ನಾಟಕದಲ್ಲಿ 2021-22ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿ ಕ್ರಮವನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಮೂರು ವರ್ಷದ ಭಾರತೀಯ ಪದವಿಯನ್ನು ಜರ್ಮನಿಯ ಕೆಲವು ವಿಶ್ವವಿದ್ಯಾಲಯಗಳು ಸ್ವೀಕರಿಸುತ್ತವೆ, ಕೆಲವು ಸ್ವೀಕರಿಸುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಆಯಾ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಇ-ಮೇಲ್ ಬರೆದು ಕೇಳಿಕೊಳ್ಳಿ. ಅವರು ಉತ್ತರಿಸುತ್ತಾರೆ; ಆ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ.

ನೀವು ಪದವಿ ಪಡೆದ ಸಂಸ್ಥೆಗೆ ಅಲ್ಲಿ ಮಾನ್ಯತೆ ಇದೆಯೇ ಎಂದು ತಿಳಿಯಲು ಅನಾಬಿನ್ ಎಂಬ ಅಲ್ಲಿನ ಅಧಿಕೃತ ಮಾಹಿತಿ ಕೋಶವಿದೆ. ಅದರಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರಿನ ಮುಂದೆ 'ಎಚ್ ಪ್ಲಸ್' ಎಂಬ ಗುರುತು ಇದ್ದರೆ ಮಾನ್ಯತೆ ಇದೆ ಎಂದರ್ಥ. ಕಾಲೇಜಿನ ಹೆಸರಿನಲ್ಲಿ ಹುಡುಕಿ ಸಿಗದಿದ್ದರೆ ಗಾಬರಿ ಬೇಡ. ಪದವಿ ನೀಡಿದ ವಿಶ್ವವಿದ್ಯಾಲಯದ ಹೆಸರಿನಲ್ಲಿ ನೋಡಿ.

ಸಂಸ್ಥೆಗಳಲ್ಲಿ ಎಷ್ಟು ವಿಧ?

ಜರ್ಮನಿಯಲ್ಲಿ 400ಕ್ಕೂ ಹೆಚ್ಚು ಉನ್ನತ ಶಿಕ್ಷಣ ಸಂಸ್ಥೆಗಳಿವೆ. ನಮಗೆ ಬೇಕಾದಷ್ಟರ ಮಟ್ಟಿಗೆ ಅವನ್ನು ಮೂರಾಗಿ ವಿಂಗಡಿಸಬಹುದು.

1. ಸರಕಾರಿ ವಿಶ್ವವಿದ್ಯಾಲಯಗಳು: ಸಂಶೋಧನೆಗೆ ಒತ್ತು. ಆಖೆನ್, ಬರ್ಲಿನ್, ಬ್ರೌನ್‌ಶ್ವೈಗ್, ಡಾರ್ಮ್‌ಸ್ಟಾಟ್, ಡ್ರೆಸ್ಡನ್, ಹ್ಯಾನೋವರ್, ಕಾರ್ಲ್ಸ್‌ರೂಹೆ, ಮ್ಯೂನಿಕ್ ಮತ್ತು ಸ್ಟುಟ್‌ಗಾರ್ಟ್‌ಗಳ ಒಂಬತ್ತು ತಾಂತ್ರಿಕ ವಿಶ್ವವಿದ್ಯಾಲಯಗಳು ಸೇರಿ 'ಟಿಯು 9' ಎಂಬ ಕೂಟ ಮಾಡಿಕೊಂಡಿವೆ. ಮುಂದೆ ಪಿಎಚ್.ಡಿ. ಮಾಡುವ ಆಸೆಯಿರುವವರಿಗೆ ಈ ದಾರಿ ಸೂಕ್ತ.

2. ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳು: ಇವನ್ನು ಹೋಕ್‌ಶೂಲೆ ಎನ್ನುತ್ತಾರೆ. ಹೆಚ್ಚಿನವು ಸರಕಾರಿ ಸಂಸ್ಥೆಗಳೇ. ಕೈಗಾರಿಕೆಯೊಂದಿಗೆ ನಿಕಟ ಸಂಬಂಧ, ಚಿಕ್ಕ ತರಗತಿ, ಕೆಲಸದ ತರಬೇತಿ ಇಲ್ಲಿನ ವಿಶೇಷ. ಇಲ್ಲಿಯ ಸ್ನಾತಕೋತ್ತರ ಪದವಿಗೂ ವಿಶ್ವವಿದ್ಯಾಲಯದ ಪದವಿಗೂ ಕಾನೂನಿನ ದೃಷ್ಟಿಯಲ್ಲಿ ಮೇಲು ಕೀಳಿಲ್ಲ. ಓದು ಮುಗಿಸಿ ಉದ್ಯೋಗಕ್ಕೆ ಸೇರಬೇಕೆನ್ನುವವರು ಇವನ್ನು ಮರೆಯಬಾರದು.

3. ಖಾಸಗಿ ಸಂಸ್ಥೆಗಳು: ಎಲ್ಲವೂ ಕೆಟ್ಟವಲ್ಲ, ಒಳ್ಳೆಯ ಹೆಸರು ಪಡೆದವೂ ಇವೆ. ಆದರೆ ಫೀಸು ಇದೆ, ಅದು ದೊಡ್ಡದಿದೆ. ಸೇರುವ ಮೊದಲು ಸಂಸ್ಥೆಗೆ ಅಲ್ಲಿನ ರಾಜ್ಯ ಸರಕಾರದ ಮಾನ್ಯತೆ ಇದೆಯೇ, ಆ ಕೋರ್ಸಿಗೆ ಅಧಿಕೃತ ಅಂಗೀಕಾರ ಇದೆಯೇ ಎಂದು ನೋಡಲೇಬೇಕು.

ಕೋರ್ಸುಗಳನ್ನು ಹುಡುಕಲು ಎರಡು ವಿಶ್ವಾಸಾರ್ಹ ತಾಣಗಳಿವೆ. ಒಂದು, 1925ರಲ್ಲಿ ಸ್ಥಾಪನೆಯಾದ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಕೋರ್ಸು ಪಟ್ಟಿ. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳನ್ನು ಅದರಲ್ಲಿ ಪ್ರತ್ಯೇಕವಾಗಿ ಹುಡುಕಬಹುದು. ಇನ್ನೊಂದು, ಹೋಕ್‌ಶೂಲ್‌ಕೊಂಪಾಸ್ ಎಂಬ ಸಮಗ್ರ ಪಟ್ಟಿ. ಎರಡೂ ಉಚಿತ. ಸಂಸ್ಥೆ ಸರಕಾರಿಯೋ ಖಾಸಗಿಯೋ ಎಂಬುದು ಇವುಗಳಲ್ಲಿ ತಿಳಿಯುತ್ತದೆ.

"ಫೀಸು ಇಲ್ಲ" ಎಂಬ ಮಾತು ಎಷ್ಟು ನಿಜ?

ಬಹುತೇಕ ನಿಜ, ಪೂರ್ತಿ ನಿಜವಲ್ಲ. ಹೆಚ್ಚಿನ ರಾಜ್ಯಗಳ ಸರಕಾರಿ ಸಂಸ್ಥೆಗಳಲ್ಲಿ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರ್‌ಗೆ ಸಾಮಾನ್ಯವಾಗಿ 100ರಿಂದ 400 ಯುರೋಗಳಷ್ಟು ವಂತಿಗೆ ಮಾತ್ರ ಇರುತ್ತದೆ. ಹಲವೆಡೆ ಬಸ್ಸು, ರೈಲಿನ ಪಾಸು ಅದರಲ್ಲೇ ಸೇರಿರುತ್ತದೆ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯುರೋ ಶುಲ್ಕ ವಿಧಿಸುವ ಕ್ರಮ ತಂದಿತು. ಹೈಡೆಲ್‌ಬರ್ಗ್, ಫ್ರೈಬುರ್ಗ್, ಟ್ಯೂಬಿಂಗನ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಎಲ್ಲವೂ ಈ ರಾಜ್ಯದಲ್ಲಿವೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವ ಇಂತಹ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯುರೋ ನಿಗದಿ ಮಾಡಿದೆ. ಹೆಸರು ಕೇಳಿ ಮರುಳಾಗುವ ಮೊದಲು ಈ ಲೆಕ್ಕ ತಿಳಿದಿರಲಿ.

ಅಂಕಗಳ ಲೆಕ್ಕಾಚಾರ

ಜರ್ಮನಿಯಲ್ಲಿ 1 ಎಂಬುದು ಅತ್ಯುತ್ತಮ ಅಂಕ, 4 ಎಂದರೆ ಕೇವಲ ಪಾಸು. ನಮ್ಮ ಅಂಕವನ್ನು ಅವರ ಅಂಕಕ್ಕೆ ಪರಿವರ್ತಿಸಲು 'ಪರಿಷ್ಕೃತ ಬವೇರಿಯನ್ ಸೂತ್ರ' ಎಂಬುದನ್ನು ಬಳಸುತ್ತಾರೆ. ಮನೆಯಲ್ಲೇ ಲೆಕ್ಕ ಹಾಕಬಹುದು. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆಯಿರಿ. ಗರಿಷ್ಠ ಅಂಕದಿಂದ ಪಾಸಾಗಲು ಬೇಕಾದ ಕನಿಷ್ಠ ಅಂಕವನ್ನು ಕಳೆಯಿರಿ. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ.

ಉದಾಹರಣೆಗೆ, 10ರಲ್ಲಿ 7.0 ಸಿಜಿಪಿಎ ಪಡೆದ ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. ಪಾಸಾಗಲು ಕನಿಷ್ಠ 4 ಎಂದಾದರೆ ಅವರ ಜರ್ಮನ್ ಅಂಕ 2.5. ಕನಿಷ್ಠ 5 ಎಂದಾದರೆ ಅದೇ ವಿದ್ಯಾರ್ಥಿಯ ಅಂಕ 2.8. ಅನೇಕ ಕೋರ್ಸುಗಳು "2.5 ಅಥವಾ ಅದಕ್ಕಿಂತ ಉತ್ತಮ" ಎಂದು ಗೆರೆ ಎಳೆಯುತ್ತವೆ. ಅಂದರೆ ಒಂದೇ ಅಂಕಪಟ್ಟಿಗೆ ಬಾಗಿಲು ತೆರೆಯಲೂಬಹುದು, ಮುಚ್ಚಲೂಬಹುದು. ಆದುದರಿಂದ ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಪಾಸಾಗಲು ಬೇಕಾದ ಕನಿಷ್ಠ ಅಂಕ ಎಷ್ಟೆಂದು ತಿಳಿಸುವ ಪತ್ರ ಅಥವಾ ಅಂಕಪಟ್ಟಿಯ ಹಿಂಬದಿಯ ವಿವರವನ್ನು ಜೊತೆಗಿಟ್ಟುಕೊಳ್ಳಿ.

ಕೆಲವು ಕೋರ್ಸುಗಳಿಗೆ ಸೀಟು ಸೀಮಿತ. ಅವಕ್ಕೆ ಸ್ಪರ್ಧೆ ಇದೆ. ಇನ್ನು ಕೆಲವಕ್ಕೆ ಅರ್ಹತೆ ಇದ್ದವರೆಲ್ಲರಿಗೂ ಪ್ರವೇಶ. ಅರ್ಜಿ ಹಾಕುವಾಗ ಎರಡೂ ಬಗೆಯವು ಇರಲಿ. ಏಳೆಂಟು ಕೋರ್ಸುಗಳನ್ನು ಆರಿಸುವುದು ಸೂಕ್ತ ಎಂದು ನಮಗೆ ತೋರುತ್ತದೆ: ಎರಡು ಕಷ್ಟಸಾಧ್ಯವಾದವು, ಮೂರು ನಾಲ್ಕು ನಿಮ್ಮ ಅಂಕಕ್ಕೆ ಸರಿಹೊಂದುವವು, ಎರಡು ಖಚಿತವಾಗಿ ಸಿಗಬಹುದಾದವು. ಖಚಿತವಾದವುಗಳಲ್ಲೂ ನೀವು ಮನಃಪೂರ್ವಕ ಓದಲು ಸಿದ್ಧರಿರುವ ಕೋರ್ಸೇ ಇರಬೇಕು.

ಹೆಸರಿಗಿಂತ ಪಠ್ಯಕ್ರಮ ಮುಖ್ಯ

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ರ‍್ಯಾಂಕಿಂಗ್ ಪಟ್ಟಿ ನೋಡಿ ಮೇಲಿನಿಂದ ಹತ್ತು ಹೆಸರು ಬರೆದುಕೊಳ್ಳುತ್ತಾರೆ. ಜರ್ಮನಿಯ ಪ್ರವೇಶ ಸಮಿತಿ ನೋಡುವುದು ಬೇರೆ: ನೀವು ಪದವಿಯಲ್ಲಿ ಓದಿದ ವಿಷಯಗಳು ಅವರ ಕೋರ್ಸಿಗೆ ಅಡಿಪಾಯವಾಗುತ್ತವೆಯೇ? ಅಲ್ಲಿ ಓದಿನ ಹೊರೆಯನ್ನು ಇಸಿಟಿಎಸ್ ಎಂಬ ಅಂಕಮಾನದಲ್ಲಿ ಅಳೆಯುತ್ತಾರೆ. ಒಂದು ಅಂಕಮಾನವೆಂದರೆ 25ರಿಂದ 30 ಗಂಟೆಗಳ ಓದು. ಒಂದು ಸೆಮಿಸ್ಟರ್‌ಗೆ 30. "ಗಣಿತದಲ್ಲಿ ಇಷ್ಟು, ಪ್ರೋಗ್ರಾಮಿಂಗ್‌ನಲ್ಲಿ ಇಷ್ಟು ಅಂಕಮಾನ ಬೇಕು" ಎಂದು ಕೋರ್ಸಿನ ನಿಯಮದಲ್ಲೇ ಬರೆದಿರುತ್ತದೆ. ಅದು ಇಲ್ಲದಿದ್ದರೆ ಶೇಕಡಾ 90 ಅಂಕವಿದ್ದರೂ ಅರ್ಜಿ ತಿರಸ್ಕೃತವಾಗಬಹುದು.

ಆದುದರಿಂದ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ. ಎಡಗಡೆ ಅವರು ಕೇಳುವ ವಿಷಯಗಳು, ಬಲಗಡೆ ನೀವು ಓದಿದ ವಿಷಯಗಳು. ಬಲಗಡೆ ಅರ್ಧಕ್ಕರ್ಧ ಖಾಲಿ ಇದ್ದರೆ ಆ ಕೋರ್ಸನ್ನು ಬಿಟ್ಟುಬಿಡಿ. ತುಂಬಿದ್ದರೆ ಅದೇ ಹಾಳೆ ಮುಂದೆ ನಿಮ್ಮ ಅರ್ಜಿಗೆ ಆಧಾರ. ನಿಮ್ಮ ಪದವಿಯ ಎಲ್ಲ ಸೆಮಿಸ್ಟರ್‌ಗಳ ಸಿಲೆಬಸ್ ಪ್ರತಿಯನ್ನು ಕಾಲೇಜು ಬಿಡುವ ಮೊದಲೇ ಸಂಗ್ರಹಿಸಿ. ಎರಡು ವರ್ಷ ಕಳೆದ ಮೇಲೆ ಹಳೆಯ ಸಿಲೆಬಸ್‌ಗಾಗಿ ಅಲೆದಾಡುವವರು ಅನೇಕರಿದ್ದಾರೆ.

ಎಪಿಎಸ್ ಪ್ರಮಾಣಪತ್ರ

2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳು ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವಾಗ ಎಪಿಎಸ್ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ನವದೆಹಲಿಯಲ್ಲಿರುವ ಈ ಕೇಂದ್ರ ನಿಮ್ಮ ಅಂಕಪಟ್ಟಿ, ಪದವಿಪತ್ರಗಳು ಅಸಲಿಯೇ ಎಂದು ಪರಿಶೀಲಿಸಿ ಪ್ರಮಾಣಪತ್ರ ನೀಡುತ್ತದೆ. ಅನೇಕ ವಿಶ್ವವಿದ್ಯಾಲಯಗಳು ಇದನ್ನು ಅರ್ಜಿಯ ಹಂತದಲ್ಲೇ ಕೇಳುತ್ತವೆ. ಶುಲ್ಕ 18,000 ರೂಪಾಯಿ ಎಂದು ನಿಗದಿಯಾಗಿತ್ತು. ಕಟ್ಟುವ ಮೊದಲು ಅವರ ತಾಣದಲ್ಲಿ ನೋಡಿಕೊಳ್ಳಿ. ಪರಿಶೀಲನೆಗೆ ವಾರಗಟ್ಟಲೆ ಹಿಡಿಯುವುದರಿಂದ ಎಲ್ಲಕ್ಕಿಂತ ಮೊದಲು ಈ ಕೆಲಸ ಆಗಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಫೇಲಾದ ವಿಷಯಗಳನ್ನು ಮರೆಮಾಚಲು, ಅನುಭವ ಪತ್ರವನ್ನು ಸೃಷ್ಟಿಸಲು ಸಲಹೆ ಕೊಡುವವರಿದ್ದಾರೆ. ಅಂತಹವರ ಬಾಗಿಲು ತುಳಿಯಬೇಡಿ. ಒಂದೆರಡು ವಿಷಯ ಎರಡನೇ ಸಲ ಬರೆದು ಪಾಸಾದವರಿಗೂ ಪ್ರವೇಶ ಸಿಕ್ಕಿದೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಮುಂದಿನ ದಾರಿಯೆಲ್ಲ ಮುಚ್ಚುತ್ತದೆ.

ಭಾಷೆ

ಇಂಗ್ಲಿಷ್ ಕೋರ್ಸುಗಳಿಗೆ ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಥವಾ ಟೋಫೆಲ್ ಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬಗ್ಗೆ ಕಾಲೇಜಿನ ಪತ್ರವನ್ನು ಕೆಲವರು ಮಾತ್ರ ಒಪ್ಪುತ್ತಾರೆ. ಜರ್ಮನ್ ಕಡ್ಡಾಯವಲ್ಲದಿದ್ದರೂ ಹೊರಡುವ ಮೊದಲು ಎ2 ಮಟ್ಟದವರೆಗಾದರೂ ಕಲಿಯಿರಿ ಎಂಬುದು ನಮ್ಮ ಆಗ್ರಹದ ಸಲಹೆ. ತರಗತಿ ಇಂಗ್ಲಿಷಿನಲ್ಲಿ ನಡೆಯಬಹುದು. ಬಾಡಿಗೆ ಮನೆಯ ಯಜಮಾನ, ವೈದ್ಯರು, ಕೆಲಸ ಕೊಡುವವರು ಜರ್ಮನ್‌ನಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಕಲಿತ ನಮ್ಮ ಮಕ್ಕಳಿಗೆ ಐದನೆಯ ಭಾಷೆ ದೊಡ್ಡ ಭಾರವಾಗದು.

ಉದ್ದೇಶ ಪತ್ರ: ನೀವೇ ಬರೆಯಿರಿ

ಅರ್ಜಿಯೊಂದಿಗೆ ಒಂದೆರಡು ಪುಟಗಳ ಪತ್ರ ಬರೆಯಬೇಕಾಗುತ್ತದೆ. ಈ ಕೋರ್ಸು ಏಕೆ, ಈ ವಿಶ್ವವಿದ್ಯಾಲಯ ಏಕೆ, ಮುಂದೇನು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. "ಬಾಲ್ಯದಿಂದಲೂ ನನಗೆ ಯಂತ್ರಗಳೆಂದರೆ ಬಹಳ ಆಸಕ್ತಿ" ಎಂದು ಆರಂಭವಾಗುವ ಪತ್ರಗಳು ಸಮಿತಿಗೆ ರಾಶಿ ರಾಶಿ ಬರುತ್ತವೆ. ಹಣ ಕೊಟ್ಟು ಬರೆಯಿಸಿದ ಪತ್ರಗಳು, ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯಿಂದ ಬರೆಯಿಸಿದ ಪತ್ರಗಳು ಹೀಗೆಯೇ ಇರುತ್ತವೆ: ಚಂದ ಇರುತ್ತವೆ, ಯಾರದೂ ಆಗಿರಬಹುದು.

ಬದಲಿಗೆ ನಿಮ್ಮ ಕೈ ತಾಗಿದ ಒಂದು ಕೆಲಸದಿಂದ ಆರಂಭಿಸಿ. ಕಲ್ಪಿತ ಉದಾಹರಣೆ ಕೊಡುತ್ತೇವೆ. ಮೆಕ್ಯಾನಿಕಲ್ ವಿದ್ಯಾರ್ಥಿನಿಯೊಬ್ಬಳು ಅಂತಿಮ ವರ್ಷದಲ್ಲಿ ಮೀನು ಒಣಗಿಸುವ ಸೌರ ಯಂತ್ರ ತಯಾರಿಸಿದ್ದಳು ಎನ್ನೋಣ. ಮಾರ್ಚಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು, ಜೂನ್‌ನಲ್ಲಿ ಮಾಡಲಿಲ್ಲ. ಗಾಳಿಯಲ್ಲಿನ ತೇವಾಂಶವನ್ನು ಅಳೆಯುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲವೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಶಾಖ ಮತ್ತು ತೇವಾಂಶದ ಅಳತೆಯನ್ನು ಸರಿಯಾಗಿ ಕಲಿಯಬೇಕೆಂದು ಅವಳು ಆ ಕೋರ್ಸಿನ ಎರಡನೇ ಸೆಮಿಸ್ಟರ್‌ನ ಇಂತಹ ಪಠ್ಯವನ್ನು ಹೆಸರಿಸಿ ಬರೆದರೆ, ಸಮಿತಿಗೆ ಆ ವ್ಯಕ್ತಿ ಕಣ್ಣ ಮುಂದೆ ನಿಲ್ಲುತ್ತಾಳೆ. ಸೋತದ್ದನ್ನು ಬರೆಯಲು ನಾಚಿಕೆ ಬೇಡ. ಏಕೆ ಸೋತಿತು ಎಂದು ತಿಳಿದವರೇ ಮುಂದೆ ಓದಬೇಕಾದವರು.

ಪತ್ರ ಬರೆಯುವಾಗ ಗಮನಿಸಬೇಕಾದ ಅಂಶಗಳು:

- ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಪತ್ರ ಬರೆಯಿರಿ. ಒಂದರ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿದರೆ ಸಾಲದು. ಹಳೆಯ ಹೆಸರು ಎಲ್ಲೋ ಉಳಿದು ಅರ್ಜಿ ನಗೆಪಾಟಲಾದದ್ದೂ ಇದೆ.
- ಎರಡು ಕಾಲಂನ ಹಾಳೆ ಮುಂದಿಟ್ಟುಕೊಂಡು ನಿಮ್ಮ ಓದಿಗೂ ಅವರ ಕೋರ್ಸಿಗೂ ಇರುವ ಸಂಬಂಧ ತೋರಿಸಿ.
- ಮನೆಯ ಕಷ್ಟ, ಊರಿನ ಸೇವೆ ಇವುಗಳನ್ನು ಓದಿಗೆ ಸಂಬಂಧವಿದ್ದರೆ ಮಾತ್ರ ಎರಡು ಸಾಲಿನಲ್ಲಿ ಬರೆಯಿರಿ.
- ಅಂಕಗಳು ಒಂದು ವರ್ಷ ಕುಸಿದಿದ್ದರೆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.
- ಬರೆದ ಮೇಲೆ ನಿಮ್ಮನ್ನು ಬಲ್ಲ ಒಬ್ಬರಿಗೆ ಓದಿಸಿ. "ಇದು ನೀನೇ" ಎಂದು ಅವರು ಹೇಳಿದರೆ ಪತ್ರ ಸರಿಯಾಗಿದೆ.

ಶಿಫಾರಸು ಪತ್ರ

ಪ್ರಾಂಶುಪಾಲರ ಪತ್ರಕ್ಕೆ ತೂಕ ಹೆಚ್ಚು ಎಂಬ ಭಾವನೆ ನಮ್ಮಲ್ಲಿದೆ. ನಿಮ್ಮ ಹೆಸರೇ ತಿಳಿಯದ ದೊಡ್ಡವರಿಗಿಂತ, ಪ್ರಾಜೆಕ್ಟ್‌ನಲ್ಲಿ ನಿಮ್ಮೊಂದಿಗೆ ಆರು ತಿಂಗಳು ಕುಳಿತ ಅಧ್ಯಾಪಕರ ಪತ್ರವೇ ಮೇಲು. ಶಾಸಕರ ಪತ್ರವಾಗಲಿ, ಚರ್ಚಿನ ಗುರುಗಳು ಕೊಡುವ ನಡತೆ ಪತ್ರವಾಗಲಿ ವಿಶ್ವವಿದ್ಯಾಲಯದ ಅರ್ಜಿಗೆ ಉಪಯೋಗಕ್ಕೆ ಬರುವುದಿಲ್ಲ. ಅಧ್ಯಾಪಕರಿಗೆ ಕನಿಷ್ಠ ಒಂದು ತಿಂಗಳ ಸಮಯ ಕೊಡಿ. ನಿಮ್ಮ ಅಂಕಪಟ್ಟಿ, ಪ್ರಾಜೆಕ್ಟ್ ವಿವರ, ಕೋರ್ಸಿನ ಹೆಸರು ಬರೆದ ಹಾಳೆಯನ್ನೂ ಕೊಡಿ. "ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ" ಎನ್ನುವ ಅಧ್ಯಾಪಕರಿದ್ದರೆ, ವಿನಯದಿಂದಲೇ ಅವರದೇ ಮಾತುಗಳನ್ನು ಕೇಳಿ ಪಡೆಯಿರಿ.

ಅರ್ಜಿಯ ವೇಳಾಪಟ್ಟಿ

ಜರ್ಮನಿಯಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್. ಚಳಿಗಾಲದ್ದು ಅಕ್ಟೋಬರ್ ಸುಮಾರಿಗೆ, ಬೇಸಿಗೆಯದ್ದು ಏಪ್ರಿಲ್ ಸುಮಾರಿಗೆ ಆರಂಭ. ಹೆಚ್ಚಿನ ಕೋರ್ಸುಗಳಿಗೆ ಚಳಿಗಾಲದ ಸೆಮಿಸ್ಟರ್‌ನಲ್ಲಿ ಪ್ರವೇಶ. ಸಾಮಾನ್ಯ ಕೊನೆಯ ದಿನಾಂಕಗಳು ಜುಲೈ 15 ಮತ್ತು ಜನವರಿ 15. ಆದರೆ ವಿದೇಶೀಯರಿಗೆ ಮಾರ್ಚಿನಲ್ಲೇ ಗಡುವು ಮುಗಿಸುವ ಸಂಸ್ಥೆಗಳೂ ಇವೆ. ಅಕ್ಟೋಬರ್ ಪ್ರವೇಶಕ್ಕೆ ಹೀಗೆ ತಯಾರಾಗಬಹುದು:

- ಹಿಂದಿನ ವರ್ಷದ ಜುಲೈ-ಆಗಸ್ಟ್: ಅಂಕಪಟ್ಟಿ, ಸಿಲೆಬಸ್ ಸಂಗ್ರಹ, ಪಾಸ್‌ಪೋರ್ಟ್, ಜರ್ಮನ್ ತರಗತಿ.
- ಸೆಪ್ಟೆಂಬರ್-ಅಕ್ಟೋಬರ್: ಇಂಗ್ಲಿಷ್ ಪರೀಕ್ಷೆ, ಎಪಿಎಸ್ ಅರ್ಜಿ.
- ನವೆಂಬರ್-ಡಿಸೆಂಬರ್: ಕೋರ್ಸುಗಳ ಆಯ್ಕೆ; ಶಿಫಾರಸು ಪತ್ರಕ್ಕೆ ವಿನಂತಿ; ಉದ್ದೇಶ ಪತ್ರದ ಮೊದಲ ಕರಡು.
- ಜನವರಿಯಿಂದ ಮೇ: ಅರ್ಜಿ ಸಲ್ಲಿಕೆ, ಗಡುವಿಗೆ ಆರು ವಾರ ಮೊದಲೇ.
- ಜೂನ್‌ನಿಂದ ಆಗಸ್ಟ್: ಉತ್ತರ, ಹಣದ ವ್ಯವಸ್ಥೆ, ವೀಸಾ, ವಸತಿ.

ಹಲವು ವಿಶ್ವವಿದ್ಯಾಲಯಗಳು ವಿದೇಶಿ ಅರ್ಜಿಗಳನ್ನು ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಪರಿಶೀಲಿಸುತ್ತವೆ. ಅದರ ಶುಲ್ಕ ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯುರೋ, ನಂತರದ ಪ್ರತಿ ಅರ್ಜಿಗೆ 30 ಯುರೋ. ಉಳಿದವು ತಮ್ಮ ತಾಣದಲ್ಲೇ ಅರ್ಜಿ ಪಡೆಯುತ್ತವೆ. ಯಾವುದಕ್ಕೆ ಯಾವ ದಾರಿ ಎಂದು ಆಯಾ ಕೋರ್ಸಿನ ಪುಟದಲ್ಲಿ ನೋಡಿ.

ಹಣದ ಲೆಕ್ಕ: ಮನೆಯವರೆಲ್ಲ ಕುಳಿತು ಮಾಡಿ

ಫೀಸು ಇಲ್ಲದಿದ್ದರೂ ಜೀವನ ವೆಚ್ಚವಿದೆ. ವೀಸಾ ಪಡೆಯಲು ಒಂದು ವರ್ಷದ ಖರ್ಚನ್ನು ನಿರ್ಬಂಧಿತ ಖಾತೆಯೊಂದರಲ್ಲಿ ಮುಂಗಡ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯುರೋ. ಯುರೋಗೆ 100 ರೂಪಾಯಿಯಂತೆ ಲೆಕ್ಕ ಹಾಕಿದರೆ ಸುಮಾರು 12 ಲಕ್ಷ ರೂಪಾಯಿ. ಇದು ಫೀಸಲ್ಲ, ಅಲ್ಲಿ ತಲುಪಿದ ಮೇಲೆ ತಿಂಗಳಿಗೆ 992 ಯುರೋದಂತೆ ನಿಮಗೇ ಹಿಂದೆ ಸಿಗುತ್ತದೆ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಇದರಲ್ಲೇ ನಡೆಯಬೇಕು. ಕೋರ್ಸು ಎರಡು ವರ್ಷದ್ದು ಎಂಬುದನ್ನು ಮರೆಯಬೇಡಿ.

2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಎರಡನೇ ವರ್ಷದ ಖರ್ಚಿಗೆ ಇದು ಆಸರೆಯಾಗಬಹುದು, ಆದರೆ ಊರಿನ ಸಾಲದ ಕಂತನ್ನು ಇದರಿಂದ ಕಟ್ಟುತ್ತೇವೆಂಬ ಲೆಕ್ಕ ಬೇಡ. ಹಾಗೆ ಲೆಕ್ಕ ಹಾಕಿದವರು ರಾತ್ರಿ ಗೋದಾಮಿನಲ್ಲಿ ದುಡಿದು ಹಗಲು ಪರೀಕ್ಷೆಯಲ್ಲಿ ಸೋಲುತ್ತಾರೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅವಕಾಶವಿದೆ.

ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತವೆ. ಕಂತು ಆರಂಭವಾಗದಿದ್ದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. 2024ರ ನವೆಂಬರ್‌ನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಭಾರತದ ಆಯ್ದ ಸಂಸ್ಥೆಗಳ ಓದಿಗೆ ಮಾತ್ರ, ವಿದೇಶಕ್ಕೆ ಅನ್ವಯಿಸದು. ವಿದ್ಯಾರ್ಥಿವೇತನಗಳನ್ನೂ ವಿಚಾರಿಸಿ. ಡಿಎಎಡಿಯ ಅಭಿವೃದ್ಧಿ ಸಂಬಂಧಿತ ಕೋರ್ಸುಗಳ ವಿದ್ಯಾರ್ಥಿವೇತನಕ್ಕೆ ಸಾಮಾನ್ಯವಾಗಿ ಕನಿಷ್ಠ 2 ವರ್ಷದ ಕೆಲಸದ ಅನುಭವ ಬೇಕು. ಬಾನ್ ನಗರದಲ್ಲಿರುವ ಕೆಎಎಡಿ ಎಂಬ ಕೆಥೋಲಿಕ್ ಸಂಸ್ಥೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಪದವೀಧರರಿಗೆ ನೆರವು ನೀಡುತ್ತದೆ. ಓದಿದವರು ತಾಯ್ನಾಡಿಗೆ ಮರಳಿ ದುಡಿಯಬೇಕೆಂಬ ನಿರೀಕ್ಷೆ ಅದಕ್ಕಿದೆ.

ಏಜೆಂಟರ ಬಗ್ಗೆ

ಎಲ್ಲ ಏಜೆಂಟರೂ ಮೋಸಗಾರರಲ್ಲ. ಆದರೆ "ಉಚಿತ ಸಲಹೆ" ಎಂದಾಗ ಅವರ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಫೀಸು ಪಡೆಯುವ ಖಾಸಗಿ ಸಂಸ್ಥೆ ವಿದ್ಯಾರ್ಥಿಯನ್ನು ತಂದವರಿಗೆ ಕಮಿಷನ್ ಕೊಡಬಲ್ಲದು. ಫೀಸೇ ಇಲ್ಲದ ಸರಕಾರಿ ವಿಶ್ವವಿದ್ಯಾಲಯಕ್ಕೆ ಅದರ ಅಗತ್ಯವೇ ಇಲ್ಲ. ಕಚೇರಿಗೆ ಹೋದರೆ ಮೂರು ಪ್ರಶ್ನೆ ಕೇಳಿ: ಈ ಸಂಸ್ಥೆ ಸರಕಾರಿಯೋ, ಖಾಸಗಿಯೋ? ಎರಡು ವರ್ಷಕ್ಕೆ ಒಟ್ಟು ಫೀಸು ಎಷ್ಟು? ಪ್ರವೇಶ ಅಥವಾ ವೀಸಾ ಸಿಗದಿದ್ದರೆ ಹಣ ಹಿಂದೆ ಬರುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅರ್ಜಿಯ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಯಾವಾಗಲೂ ವಿದ್ಯಾರ್ಥಿಯ ಕೈಯಲ್ಲೇ ಇರಲಿ.

ನರ್ಸಿಂಗ್ ಓದಿದವರಿಗೆ ಒಂದು ಸೂಚನೆ: ಜರ್ಮನಿಯ ಆಸ್ಪತ್ರೆಗಳಿಗೆ ಹೋಗುವ ದಾರಿ ವಿಶ್ವವಿದ್ಯಾಲಯದ ಅರ್ಜಿಯಲ್ಲ. ಅದಕ್ಕೆ ಪದವಿಯ ಮಾನ್ಯತೆ ಮತ್ತು ಜರ್ಮನ್ ಭಾಷೆಯ ಬಿ ಮಟ್ಟ ಬೇಕು. ಎರಡನ್ನೂ ಬೆರೆಸಿ ಹೇಳುವವರನ್ನು ನಂಬಬೇಡಿ.

ಪ್ರವೇಶ ಪತ್ರ ಬಂದ ಮೇಲೆ

ಕರ್ನಾಟಕದವರ ವೀಸಾ ಅರ್ಜಿಗಳನ್ನು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಪರಿಶೀಲಿಸುತ್ತದೆ. ವೀಸಾ ನಿರಾಕರಣೆಯಾದರೆ ಕಾನ್ಸುಲೇಟ್‌ಗೇ ಮನವಿ ಸಲ್ಲಿಸುವ ಹಳೆಯ ಕ್ರಮವನ್ನು 2025ರ ಜುಲೈ 1ರಿಂದ ರದ್ದುಪಡಿಸಲಾಗಿದೆ. ಇನ್ನು ಹೊಸ ಅರ್ಜಿ ಅಥವಾ ನ್ಯಾಯಾಲಯವೇ ದಾರಿ. ಆದುದರಿಂದ ಮೊದಲ ಅರ್ಜಿಯೇ ಸಂಪೂರ್ಣವಾಗಿರಲಿ. ವಸತಿಗಾಗಿ ವಿದ್ಯಾರ್ಥಿ ನಿಲಯಗಳಿಗೆ ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿ. ಕಾಯುವವರ ಪಟ್ಟಿ ಉದ್ದವಿರುತ್ತದೆ. ಹೆಚ್ಚಿನ ವಿಶ್ವವಿದ್ಯಾಲಯ ನಗರಗಳಲ್ಲಿ ಕೆಥೋಲಿಕ್ ವಿದ್ಯಾರ್ಥಿ ಸಮುದಾಯ ಕೇಂದ್ರಗಳಿವೆ. ಹೊಸ ಊರಿನಲ್ಲಿ ಒಂಟಿತನ ಕಾಡಿದಾಗ, ತೊಂದರೆ ಬಂದಾಗ ಬಾಗಿಲು ತಟ್ಟಬಹುದಾದ ಸ್ಥಳಗಳಿವು.

ಕೊನೆಯ ಮಾತು

ಎಲ್ಲ ಅರ್ಜಿಗಳೂ ತಿರಸ್ಕೃತವಾಗುವ ಸಾಧ್ಯತೆಯೂ ಇದೆ. ಅದು ಮಗನ ಅಥವಾ ಮಗಳ ಬದುಕಿನ ಅಂತ್ಯವಲ್ಲ. ಒಂದು ವರ್ಷ ಊರಲ್ಲೋ ಬೆಂಗಳೂರಿನಲ್ಲೋ ಕೆಲಸ ಮಾಡಿ, ಭಾಷೆ ಕಲಿತು, ಮತ್ತೆ ಅರ್ಜಿ ಹಾಕಿದರೆ ಆ ಅರ್ಜಿ ಮೊದಲಿನದಕ್ಕಿಂತ ಗಟ್ಟಿಯಾಗಿರುತ್ತದೆ. ಪಕ್ಕದ ಮನೆಯವರ ಮಕ್ಕಳು ಹೋದರೆಂಬ ಕಾರಣಕ್ಕೆ ಅವಸರ ಮಾಡಬೇಡಿ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಜಾಗದ ದಾಖಲೆ ಪತ್ರವನ್ನು ಕಪಾಟಿನಿಂದ ತೆಗೆಯುವ ಮೊದಲು ಮಗ ಅಥವಾ ಮಗಳನ್ನು ಎದುರು ಕುಳ್ಳಿರಿಸಿ, "ಅಲ್ಲಿ ನೀನು ಏನು ಓದುತ್ತೀ, ಏಕೆ ಓದುತ್ತೀ?" ಎಂದು ಕೇಳಿ. ನಿಮಗೆ ಅರ್ಥವಾಗುವ ಹಾಗೆ, ಮನೆಯ ಮಾತಿನಲ್ಲಿ, ಐದು ನಿಮಿಷ ಅವರು ವಿವರಿಸಿದರೆ ಅರ್ಜಿಯ ಅರ್ಧ ಕೆಲಸ ಮುಗಿದಂತೆ. ಉತ್ತರ ಬರದಿದ್ದರೆ ಇನ್ನೂ ಸ್ವಲ್ಪ ಸಮಯ ಕೊಡಿ. ಕಪಾಟಿನ ಪತ್ರ ಅಲ್ಲೇ ಇರಲಿ.